ಕೇಳಿ, ಹೇಳುತ್ತೇವೆ: ಹಿಡಿಯಕ್ಕಿ, ಖತಿಯಾನ್, ಕುಡುಖ್ ಪಾಠ

ಕಳೆದ ಸಂಚಿಕೆಯಲ್ಲಿ ಜಾರ್ಖಂಡಿನ ಗೋಸ್ನರ್ ಇವ್ಯಾಂಜೆಲಿಕಲ್ ಲೂಥರನ್ ಸಭೆಯ ಬಗ್ಗೆ ಚಿಕ್ಕ ಟಿಪ್ಪಣಿ ಬಂದಿತ್ತು. ಆರಾಧನೆ, ಶಾಲೆ, ಆದಿವಾಸಿಗಳ ಜಮೀನಿನ ಹಕ್ಕು ಮೂರನ್ನೂ ಹೊತ್ತುಕೊಂಡ ಸಭೆ ಅದು ಎಂದು ಅದರಲ್ಲಿ ಬರೆದಿದ್ದೆವು. ಅದನ್ನು ಓದಿ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಲೂಥರನ್ ಸಭೆ ಎಂದರೆ ನಮ್ಮ ಬಾಸೆಲ್ ಮಿಶನ್ನೇ ಅಲ್ಲವೇ? ರಾಂಚಿಯದು ಬೇರೆ ಹೇಗೆ?
— ಶಿಕ್ಷಕಿ, ಧಾರವಾಡ

ನೆಂಟರು ಹೌದು, ಒಂದೇ ಮನೆಯವರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಒಟ್ಟಿಗಿದ್ದರು. ಅದರ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐಯಲ್ಲಿ ಸೇರಿಹೋದವು. ದಕ್ಷಿಣ ಕನ್ನಡ, ಮಲಬಾರಿನವು 1947ರಲ್ಲಿ ಸೇರಿದರೆ ನಿಮ್ಮ ಧಾರವಾಡ ಕಡೆಯವು 1968ರಲ್ಲಿ ಸೇರಿದವು. ಹಾಗಾಗಿ ನಮ್ಮಲ್ಲಿ ಲೂಥರನ್ ಎಂಬ ಹೆಸರು ಕಡಿಮೆ ಕೇಳುತ್ತದೆ.

ರಾಂಚಿಯ ಸಭೆ ಬರ್ಲಿನ್ನಿನ ಯೋಹಾನ್ನೆಸ್ ಗೋಸ್ನರ್ ಕಳಿಸಿದ ನಾಲ್ವರು ಮಿಶನರಿಗಳಿಂದ ಶುರುವಾದದ್ದು. ಅವರು ಹೊರಟದ್ದು ರಾಂಚಿ ಇರುವ ಛೋಟಾನಾಗಪುರ ಪ್ರಸ್ಥಭೂಮಿಗಲ್ಲ. ಕಲ್ಕತ್ತೆಯ ಬೀದಿಗಳಲ್ಲಿ ಕೂಲಿ ಮಾಡುತ್ತಿದ್ದ ಆದಿವಾಸಿಗಳನ್ನು ಕಂಡು, ಇವರು ಯಾವ ಊರಿನವರೆಂದು ವಿಚಾರಿಸಿ, 1845ರ ನವೆಂಬರ್ 2ರಂದು ರಾಂಚಿ ಮುಟ್ಟಿದರು. ಐದು ವರ್ಷ ಒಬ್ಬರೂ ಸೇರಲಿಲ್ಲ. 1850ರ ಜೂನ್ 9ರಂದು ಉರಾಂವ್ ಎಂಬ ಆದಿವಾಸಿ ಪಂಗಡದ ನಾಲ್ಕು ಜನ ಗಂಡಸರು ಮೊದಲ ದೀಕ್ಷಾಸ್ನಾನ ಪಡೆದರು. 1855ರಲ್ಲಿ ಮುಗಿದ ಕ್ರೈಸ್ಟ್ ಚರ್ಚು ಇಂದಿಗೂ ರಾಂಚಿಯ ಮೇನ್ ರೋಡಿನಲ್ಲಿದೆ. 1857ರ ದಂಗೆಯಲ್ಲಿ ಅದಕ್ಕೆ ಬಡಿದ ತೋಪಿನ ಗುಂಡಿನ ಗುರುತನ್ನು ಮುಚ್ಚದೆ ಹಾಗೆಯೇ ಉಳಿಸಿಕೊಂಡಿದ್ದಾರೆ.

ಎರಡೂ ಮಿಶನ್ನುಗಳಿಗೆ ಪೆಟ್ಟು ಬಿದ್ದದ್ದು ಒಂದೇ ಕಾರಣಕ್ಕೆ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಹೊರಗಟ್ಟಿತು. ಮಂಗಳೂರಿನ ಹಂಚಿನ ಕಾರ್ಖಾನೆಗಳು ಬಾಸೆಲ್ ಮಿಶನ್ನಿನ ಕೈ ತಪ್ಪಿದವು. ರಾಂಚಿಯಲ್ಲಿ ಆಂಗ್ಲಿಕನ್ನರ ಜೊತೆ ಸೇರಬೇಕೇ ಎಂಬ ಪ್ರಶ್ನೆ ಎದ್ದಾಗ, ಬೇಡ, ನಾವೇ ನಡೆಸುತ್ತೇವೆಂದು ಆದಿವಾಸಿ ಪಾದ್ರಿಗಳೂ ಹಿರಿಯರೂ 1919ರ ಜುಲೈ 10ರಂದು ಸ್ವಾಯತ್ತತೆ ಘೋಷಿಸಿದರು. ಈ ದೇಶದ ಸಭೆಗಳ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಧರ್ಮದ ಕೆಲಸ ಮಾಡುವವರು ಜಮೀನಿನ ವ್ಯಾಜ್ಯಕ್ಕೆ ಏಕೆ ಕೈ ಹಾಕಿದರು? ಅದರಿಂದ ಪ್ರಯೋಜನವಾಯಿತೇ?
— ಕಾನೂನು ವಿದ್ಯಾರ್ಥಿ, ಹಾಸನ

ಸಭೆಗೆ ಬಂದ ಜನ ಜಮೀನಿನ ಸಂಕಟ ಹೊತ್ತುಕೊಂಡೇ ಬಂದರು. ಕಾಡು ಕಡಿದು ಮೊದಲು ಉತ್ತವನ ವಂಶಕ್ಕೆ ಸೇರಿದ ನೆಲಕ್ಕೆ ಉರಾಂವರ ಕಡೆ ಭುಯಿಂಹರಿ ಎನ್ನುತ್ತಾರೆ. ಅಲ್ಲಿನ ಇನ್ನೊಂದು ಆದಿವಾಸಿ ಪಂಗಡವಾದ ಮುಂಡಾ ಜನರಲ್ಲಿ ಖುಂಟ್‌ಕಟ್ಟಿ ಎಂದು ಹೆಸರು. ಅಲ್ಲಿ ಆಳುತ್ತಿದ್ದ ನಾಗವಂಶಿ ಮಹಾರಾಜರು ಹೊರಗಿನಿಂದ ತಂದು ಕೂರಿಸಿದ ಜಾಗೀರುದಾರರೂ ಠೇಕೇದಾರರೂ ಈ ನೆಲದ ಮೇಲೆ ಕಂದಾಯ ಏರಿಸಿದರು, ಬಿಟ್ಟಿ ದುಡಿಸಿದರು, ಕೊನೆಗೆ ನೆಲವನ್ನೇ ಕಿತ್ತುಕೊಂಡರು. ಬಿಟ್ಟಿ ಚಾಕರಿಗೆ ಅಲ್ಲಿ ಬೇಠ್-ಬೇಗಾರಿ ಎನ್ನುತ್ತಾರೆ. ಮಿಶನ್ ಶಾಲೆಯಲ್ಲಿ ಓದು ಕಲಿತವರು ರಸೀದಿ ಕೇಳತೊಡಗಿದರು, ಕೋರ್ಟಿನ ಮೆಟ್ಟಿಲು ಹತ್ತತೊಡಗಿದರು. ಇದರಿಂದ ಜಮೀನ್ದಾರರಿಗೆ ಮಿಶನ್ನಿನ ಮೇಲೆ ಸಿಟ್ಟು ಬಂತು, ರೈತರಿಗೆ ಆಸೆ ಹುಟ್ಟಿತು.

ಒತ್ತಡಕ್ಕೆ ಮಣಿದು ಸರ್ಕಾರ 1869ರಲ್ಲಿ ಛೋಟಾನಾಗಪುರ ಟೆನ್ಯೂರ್ಸ್ ಕಾಯ್ದೆ ತಂದು, 1880ರವರೆಗೆ ಭುಯಿಂಹರಿ ಸರ್ವೆ ನಡೆಸಿತು. ಎಡವಟ್ಟು ಎರಡು ಕಡೆ ಆಯಿತು. ಕಾಯ್ದೆ ಬರುವ ಮುಂಚಿನ 20 ವರ್ಷದೊಳಗೆ ನೆಲ ಕಳಕೊಂಡವರಿಗೆ ಮಾತ್ರ ಅದು ವಾಪಸು ಸಿಗುವಂತಿತ್ತು. ಅದಕ್ಕೂ ಹಿಂದೆ ಹೋದದ್ದು ಹೋದಂತೆಯೇ. ಜೊತೆಗೆ ಮುಂಡಾರ ಖುಂಟ್‌ಕಟ್ಟಿ ನೆಲ ಕಾಯ್ದೆಯ ಹೊರಗೇ ಉಳಿಯಿತು. ‘ಮಿಶನ್ ಸೇರಿದರೆ ನೆಲ ಬರುತ್ತದೆ’ ಎಂದು ನಂಬಿ ಬಂದವರು ಮೋಸಹೋದೆವೆಂದು ತಿಳಿದರು. ಸರ್ದಾರಿ ಲಡಾಯಿ ಎಂಬ ಜಮೀನಿನ ಹೋರಾಟ ನಡೆಸುತ್ತಿದ್ದ ಆದಿವಾಸಿ ಮುಖಂಡರು, ಅಂದರೆ ಸರ್ದಾರರು, ಮಿಶನ್ನಿಗೆ ಬೆನ್ನು ಹಾಕಿದರು. ಚಾಯ್ಬಾಸಾದ ಲೂಥರನ್ ಶಾಲೆಯಲ್ಲಿ ಓದಿದ ಬಿರ್ಸಾ ಮುಂಡಾ ಹೊರಬಂದದ್ದೂ ಇದೇ ಜಗಳದ ನಡುವೆ. ಬಿರ್ಸಾ 1899-1900ರಲ್ಲಿ ನಡೆಸಿದ ಉಲ್‌ಗುಲಾನ್ ಎಂಬ ಬಂಡಾಯದಲ್ಲಿ ಮಿಶನ್ ಕೇಂದ್ರಗಳ ಮೇಲೂ ಬಾಣ ಬಿದ್ದವು.

ಆ ಬಂಡಾಯ ಕಲಿಸಿದ ಪಾಠದಿಂದಲೇ 1908ರ ಛೋಟಾನಾಗಪುರ ಟೆನೆನ್ಸಿ ಕಾಯ್ದೆ ಬಂತು. ಸಿಎನ್‌ಟಿ ಎಂದು ಅಲ್ಲಿನ ಹಳ್ಳಿಯ ಅಜ್ಜಿಗೂ ಗೊತ್ತಿರುವ ಕಾಯ್ದೆ. ಅದನ್ನು ರೂಪಿಸುವಲ್ಲಿ ಕ್ಯಾಥೊಲಿಕ್ ಜೆಸ್ವಿಟ್ ಪಾದ್ರಿ ಹಾಫ್‌ಮನ್ನರ ಪಾತ್ರ ದೊಡ್ಡದು. ಆ ಮಾನ ಲೂಥರನ್ನರದಲ್ಲ ಎಂಬುದನ್ನೂ ಹೇಳಬೇಕು. ಲೂಥರನ್ ಸಭೆ ತನ್ನ 19ನೇ ಶತಮಾನದಿಂದ ಕಲಿಯಬೇಕಾದದ್ದು ಬೇರೆ ಇದೆ: ಕೈಯಲ್ಲಿ ಕಾಗದ ಇಲ್ಲದೆ ಮಾತು ಕೊಡಬಾರದು.

ನಮ್ಮ ಕಚೇರಿಯ ಕಾವಲುಗಾರರು ಗುಮ್ಲಾ ಜಿಲ್ಲೆಯ ಉರಾಂವ್ ಕ್ರೈಸ್ತರು. ಅವರ ದೊಡ್ಡಪ್ಪನ ಜಮೀನನ್ನು ಆದಿವಾಸಿಯಲ್ಲದವರೊಬ್ಬರು ಬರೆಸಿಕೊಂಡಿದ್ದಾರಂತೆ. ಬೆಂಗಳೂರಿನಲ್ಲಿ ಕೂತು ಏನು ಮಾಡಬಹುದು? ಅವರ ಸಭೆ ನೆರವಾಗುತ್ತದೆಯೇ?
— ಓದುಗರು, ಪೀಣ್ಯ, ಬೆಂಗಳೂರು

ಮೊದಲು ಕಾನೂನು. ಸಿಎನ್‌ಟಿ ಕಾಯ್ದೆಯ 46ನೇ ಕಲಮಿನ ಪ್ರಕಾರ ಪರಿಶಿಷ್ಟ ಪಂಗಡದ ರೈತ ತನ್ನ ಜಮೀನನ್ನು ಮಾರುವುದಾಗಲಿ, ಅದಲುಬದಲು, ದಾನ, ಉಯಿಲು ಮಾಡುವುದಾಗಲಿ, ಅದೇ ಪೊಲೀಸ್ ಠಾಣೆಯ ಸರಹದ್ದಿನಲ್ಲಿ ವಾಸವಿರುವ ಪರಿಶಿಷ್ಟ ಪಂಗಡದವರಿಗೇ ಮಾಡಬೇಕು. ಅದಕ್ಕೂ ಜಿಲ್ಲಾಧಿಕಾರಿಯ ಪೂರ್ವಾನುಮತಿ ಬೇಕು. ಭುಗುತ್‌ಬಂಧಾ ಎಂಬ ಭೋಗ್ಯದ ಅಡಮಾನಕ್ಕೆ ಹೆಚ್ಚೆಂದರೆ 7 ವರ್ಷ, ಸಹಕಾರ ಸಂಘಕ್ಕಾದರೆ 15 ವರ್ಷ. ಇದನ್ನು ಮೀರಿದ ಅಥವಾ ಮೋಸದಿಂದಾದ ವರ್ಗಾವಣೆಯಿದ್ದರೆ 71ಎ ಕಲಮಿನಡಿ ಜಮೀನನ್ನು ಬಿಡಿಸಿ ಹಿಂದಿರುಗಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಈ ಅರ್ಜಿಗಳನ್ನು ಕೇಳುವ ನ್ಯಾಯಾಲಯವನ್ನು ಅಲ್ಲಿ ‘ಎಸ್‌ಎಆರ್ ಕೋರ್ಟ್’ ಎನ್ನುತ್ತಾರೆ.

ಇನ್ನು ಕಾಗದ. ಮುಖ್ಯವಾದದ್ದು ಖತಿಯಾನ್. ಇದು ನಮ್ಮ ಪಹಣಿಯಂತೆ ಎಂದುಕೊಂಡರೆ ತಪ್ಪುತ್ತೀರಿ. ಪಹಣಿ ಕಾಲಕಾಲಕ್ಕೆ ಬದಲಾಗುತ್ತದೆ. ಖತಿಯಾನ್ ಸರ್ವೆ ಆದ ಕಾಲದಲ್ಲಿ ಬರೆದದ್ದು, ಹಾಗೆಯೇ ನಿಂತಿರುತ್ತದೆ. ಅದರಲ್ಲಿ ಇರುವುದು ತಾತನ, ಮುತ್ತಾತನ ಹೆಸರು. ಆಮೇಲಿನ ಖಾತೆ ಬದಲಾವಣೆ, ಅವರ ಮಾತಿನಲ್ಲಿ ದಾಖಿಲ್-ಖಾರಿಜ್, ‘ಪಂಜಿ-2’ ಎಂಬ ಬೇರೆ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಇರುವುದು ಅಂಚಲ್ ಕಚೇರಿಯಲ್ಲಿ. ನಮ್ಮ ತಾಲ್ಲೂಕು ಕಚೇರಿ ಎಂದುಕೊಳ್ಳಿ. ‘ಝಾರ್‌ಭೂಮಿ’ ಎಂಬ ಸರ್ಕಾರಿ ಜಾಲತಾಣದಲ್ಲಿ ಜಿಲ್ಲೆ, ಅಂಚಲ್, ಮೌಜಾ (ಕಂದಾಯ ಗ್ರಾಮ), ಖಾತೆ ಸಂಖ್ಯೆ ಹಾಕಿ ಎರಡನ್ನೂ ಬೆಂಗಳೂರಿನಿಂದಲೇ ನೋಡಬಹುದು. ಆದರೆ ಪರದೆಯ ಮೇಲಿನದು ತಿಳಿವಳಿಕೆಗೆ ಮಾತ್ರ. ಕೋರ್ಟಿಗೆ ಬೇಕಾದ ದೃಢೀಕೃತ ನಕಲನ್ನು ಜಿಲ್ಲಾ ದಾಖಲೆ ಕೊಠಡಿಯಿಂದಲೇ ತರಬೇಕು. ವಿಸ್ತೀರ್ಣ ಡೆಸಿಮಲ್‌ನಲ್ಲಿ ಇರುತ್ತದೆ. 100 ಡೆಸಿಮಲ್‌ಗೆ ಒಂದು ಎಕರೆ, ಅಂದರೆ ನಮ್ಮ ಒಂದು ಗುಂಟೆಗೆ ಎರಡೂವರೆ ಡೆಸಿಮಲ್.

ಜೊತೆಗೆ ಸೇರಿಸಬೇಕಾದವು: ಸಿಕ್ಕಷ್ಟು ಹಳೆಯ ಕಂದಾಯ ರಸೀದಿಗಳು, ಮೌಜಾ ನಕ್ಷೆ, ಗ್ರಾಮಪ್ರಧಾನರೂ ಮುಖಿಯಾ, ಅಂದರೆ ಪಂಚಾಯಿತಿ ಅಧ್ಯಕ್ಷರೂ ಸಹಿ ಮಾಡಿದ ವಂಶಾವಳಿ, ಎದುರಾಳಿಯ ಬಳಿ ಇರುವ ಪತ್ರದ ನಕಲು.

ಕ್ರೈಸ್ತ ಕುಟುಂಬಗಳ ಅರ್ಜಿ ಸೋರುವುದು ಹೆಸರಿನಲ್ಲಿ. ಉದಾಹರಣೆಗೆ ಖತಿಯಾನಿನಲ್ಲಿ ‘ಬುಧ್ವಾ ಉರಾಂವ್, ತಂದೆ ಮಂಗ್ರಾ’ ಎಂದಿದೆ ಎನ್ನಿ. ಬುಧ್ವಾ ದೀಕ್ಷಾಸ್ನಾನವಾದ ಮೇಲೆ ಪೌಲುಸ್ ಆದ. ಮಕ್ಕಳು ಶಾಲೆಗೆ ಸೇರುವಾಗ ಉರಾಂವ್ ಬಿಟ್ಟು ಕುಲದ ಹೆಸರು ತಿರ್ಕಿ ಬರೆಸಿದರು. ಮೊಮ್ಮಗನ ಆಧಾರ್ ಕಾರ್ಡಿನಲ್ಲಿ ತಿರ್ಕಿ, ಖತಿಯಾನಿನಲ್ಲಿ ಉರಾಂವ್. ಇಬ್ಬರೂ ಒಂದೇ ವಂಶವೆಂದು ಹೇಗೆ ನಂಬಲಿ ಎಂದು ಎದುರು ವಕೀಲರು ಕೇಳುತ್ತಾರೆ. ಸಭೆ ನಿಜಕ್ಕೂ ನೆರವಾಗಬಲ್ಲದ್ದು ಇಲ್ಲಿ. ಅದರ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ಊರು, ತಾರೀಕು ಒಂದೇ ಸಾಲಿನಲ್ಲಿ ಸಿಗುವ ಸಂಭವವಿದೆ. ಮದುವೆ, ಸಮಾಧಿ ರಿಜಿಸ್ಟರುಗಳನ್ನೂ ಕೇಳಿ. ಅರ್ಜಿಯನ್ನು ಊರಿನ ಮಂಡಳಿಗೆ, ಅಂದರೆ ಅಲ್ಲಿನ ಸ್ಥಳೀಯ ಸಭೆಗೆ ಬರೆಯಿರಿ, ಊರಿನ ಹೆಸರು, ಅಂದಾಜು ವರ್ಷ ತಪ್ಪದೆ ಹಾಕಿ. ‘1950ರ ಆಸುಪಾಸು’ ಎಂದರೂ ಸಾಕು, ವರ್ಷವೇ ಇಲ್ಲದಿದ್ದರೆ ಹುಡುಕುವವರು ಕೈಬಿಡುತ್ತಾರೆ. ಈ ನಕಲು ಪೂರಕ ಸಾಕ್ಷಿ ಅಷ್ಟೆ. ಅದೊಂದರಿಂದಲೇ ಹಕ್ಕು ಸಾಬೀತಾಗದು.

ಎದುರಾಳಿಗಳು ಆಡುವ ಆಟಗಳನ್ನೂ ತಿಳಿದಿರಿ. ಇದು ಸಾಗುವಳಿ ಜಮೀನಲ್ಲ, ‘ಛಪ್ಪರ್‌ಬಂದಿ’, ಅಂದರೆ ಮನೆ ನಿವೇಶನ, ಆದ್ದರಿಂದ 46ನೇ ಕಲಂ ತಗುಲದು ಎನ್ನುವುದು ಒಂದು. ಆದಿವಾಸಿ ಹೆಣ್ಣುಮಗಳ ಹೆಸರಿನಲ್ಲಿ ಬೇನಾಮಿ ಕೊಳ್ಳುವುದು ಇನ್ನೊಂದು. ತಾವೇ ದಾವೆ ಹೂಡಿ, ಒಳಗೊಳಗೇ ರಾಜಿ ಮಾಡಿಸಿ, ಕೋರ್ಟಿನ ಡಿಕ್ರಿ ಪಡೆಯುವುದು ಮೂರನೆಯದು. ಇದನ್ನು ತಡೆಯಲೆಂದೇ ಇಂಥ ದಾವೆಯಲ್ಲಿ ಜಿಲ್ಲಾಧಿಕಾರಿ ಪಕ್ಷಗಾರರಾಗಿರಲೇಬೇಕೆಂದು 46(3ಎ) ಹೇಳುತ್ತದೆ. ಡಿಕ್ರಿ ಇದೆ ಎಂದರೆ ಹೆದರಬೇಡಿ, ಅದರಲ್ಲಿ ಜಿಲ್ಲಾಧಿಕಾರಿಯ ಹೆಸರು ಇದೆಯೇ ನೋಡಿ.

ತಡ ಮಾಡಬೇಡಿ ಎಂಬುದು ನಮ್ಮ ಕಳಕಳಿಯ ಮಾತು. 71ಎಯಲ್ಲಿ ಕಾಲಮಿತಿ ಬರೆದಿಲ್ಲ, ನಿಜ. ಆದರೆ ಸೀತು ಸಾಹು ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟು ಈ ಅಧಿಕಾರವನ್ನು ಸಮಂಜಸ ಅವಧಿಯೊಳಗೇ ಚಲಾಯಿಸಬೇಕು ಎಂದಿತು. 40 ವರ್ಷ ಕಳೆದ ಮೇಲೆ ಕೇಳಿದ್ದನ್ನು ಒಪ್ಪಲಿಲ್ಲ. ದೊಡ್ಡಪ್ಪನವರ ಪತ್ರ ಯಾವ ವರ್ಷದ್ದೆಂದು ಇಂದೇ ಕೇಳಿ ತಿಳಿದುಕೊಳ್ಳಿ. ಬೆಂಗಳೂರಿನಿಂದ ಓಡಾಡಲು ಆಗದಿದ್ದರೆ ಊರಿನಲ್ಲಿರುವ ಹತ್ತಿರದ ಸಂಬಂಧಿಯೊಬ್ಬರಿಗೆ ಈ ಅರ್ಜಿಯೊಂದಕ್ಕೇ ಸೀಮಿತವಾದ ಅಧಿಕಾರ ಪತ್ರ ಕೊಡಲಿ. ಮಾರುವ ಅಧಿಕಾರವನ್ನೂ ಸೇರಿಸಿದ ಜನರಲ್ ಪವರ್ ಆಫ್ ಅಟಾರ್ನಿ ಯಾರಿಗೂ ಬೇಡ.

ಕ್ರೈಸ್ತರಾದ ಮೇಲೆ ಎಸ್‌ಟಿ ಸವಲತ್ತು ಹೋಗುವುದಿಲ್ಲವೇ? ನಮ್ಮ ತೋಟದ ಕೆಲಸಗಾರರ ಮಕ್ಕಳಿಗೆ ಇಲ್ಲಿ ಪ್ರಮಾಣಪತ್ರ ಸಿಗುತ್ತದೆಯೇ?
— ಕಾಫಿ ಬೆಳೆಗಾರರು, ಸಕಲೇಶಪುರ

ಹೋಗುವುದಿಲ್ಲ. ಧರ್ಮದ ಷರತ್ತು ಇರುವುದು ಪರಿಶಿಷ್ಟ ಜಾತಿಯ ಆದೇಶದಲ್ಲಿ, ಪಂಗಡದ್ದರಲ್ಲಿ ಅಲ್ಲ. ಆದರೆ ಪಟ್ಟಿ ರಾಜ್ಯಕ್ಕೊಂದು. ಜಾರ್ಖಂಡಿನ ಉರಾಂವ್ ಪ್ರಮಾಣಪತ್ರ ಕರ್ನಾಟಕದ ರಾಜ್ಯ ಮೀಸಲಾತಿಗೆ ನಡೆಯದು, ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುತ್ತದೆ. ಇಲ್ಲೇ ಹುಟ್ಟಿದ ಮಕ್ಕಳಿಗೂ ತಂದೆಯ ಮೂಲ ರಾಜ್ಯದ ದಾಖಲೆಯೇ ಆಧಾರ. ಅಸ್ಸಾಮಿನ ಟೀ ತೋಟಗಳಿಗೆ ಹೋಗಿ ನೆಲೆಸಿದ ಇದೇ ಜನ ಅಲ್ಲಿನ ಪಟ್ಟಿಯಲ್ಲಿ ಇಲ್ಲ. ಗೋಸ್ನರ್ ಸಭೆ ಅಲ್ಲಿಯೂ ಇದೆ, ಆ ಬೇಡಿಕೆ ದಶಕಗಳಿಂದ ಎಳೆದಾಡುತ್ತಿದೆ.

ಕುಡುಖ್ ಭಾಷೆಗೂ ಕನ್ನಡಕ್ಕೂ ನಂಟಿದೆ ಎಂದು ಓದಿದೆ. ಸಭೆಯ ಶಾಲೆಗಳಲ್ಲಿ ಅದನ್ನು ಕಲಿಸುತ್ತಾರೆಯೇ?
— ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉರಾಂವರ ಕುಡುಖ್ ಉತ್ತರ ದ್ರಾವಿಡ ಭಾಷೆ. ಅಲ್ಲಿಯೂ ನೀನು ಎಂಬುದು ‘ನೀನ್’, ಬಾಯಿ ‘ಬಾಯ್’. ಹಳಗನ್ನಡದ ಪಲ್ ಅವರಲ್ಲಿ ‘ಪಲ್ಲ್’ ಆಗಿ ಉಳಿದಿದೆ, ನಮ್ಮಲ್ಲಿ ಹಲ್ಲಾಯಿತು. ಕಣ್ಣಿಗೆ ‘ಖನ್ನ್’ ಎನ್ನುತ್ತಾರೆ. ನಮ್ಮ ಮೊದಲಕ್ಷರದ ಕಕಾರ ಅಲ್ಲಿ ಗಂಟಲಿನಿಂದ ಉಜ್ಜಿ ಬರುವ ಖಕಾರವಾಗಿದೆ. ಪಕ್ಕದ ಮನೆಯ ಮುಂಡಾರಿ ಮಾತ್ರ ದ್ರಾವಿಡವಲ್ಲ, ಆಸ್ಟ್ರೊಏಷ್ಯಾಟಿಕ್ ಕುಟುಂಬದ್ದು.

ಕಿಟೆಲ್ ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಕೆಲವೇ ವರ್ಷಗಳಲ್ಲಿ, 1900ರಲ್ಲಿ, ಗೋಸ್ನರ್ ಮಿಶನರಿ ಫರ್ಡಿನಾಂಡ್ ಹಾನ್ ಕುಡುಖ್ ವ್ಯಾಕರಣ ಹೊರತಂದರು. ಹೀಗಿದ್ದರೂ ಶಾಲೆಯ ಮಾಧ್ಯಮ ಹಿಂದಿಯೇ ಆಯಿತು. ಅದರ ಬೆಲೆಯನ್ನು ತೆತ್ತವು ಮಕ್ಕಳು. ಗಾಳಿ ತಿರುಗಿದ್ದು 1971ರಲ್ಲಿ ರಾಂಚಿಯಲ್ಲಿ ಗೋಸ್ನರ್ ಕಾಲೇಜು ತೆರೆದಾಗ. ಅದರ ಮೊದಲ ಪ್ರಾಂಶುಪಾಲರು ನಿರ್ಮಲ್ ಮಿಂಜ್. ಆದಿವಾಸಿ ಭಾಷೆಗಳನ್ನು ಕಾಲೇಜಿನ ಪಾಠವಾಗಿ ತಂದ ಅವರು ಮುಂದೆ ಬಿಷಪ್ಪರಾದರು. ಕುಡುಖ್ ಸೇವೆಗಾಗಿ ಸಾಹಿತ್ಯ ಅಕಾಡೆಮಿ ಅವರಿಗೆ 2016ರ ಭಾಷಾ ಸಮ್ಮಾನ ಕೊಟ್ಟಿತು.

ಕೆಳಗಿನ ತರಗತಿಯಲ್ಲಿ ಕೆಡುವುದು ಸಣ್ಣ ವಿಷಯಗಳಲ್ಲಿ. ಕುಡುಖನ್ನು ದೇವನಾಗರಿಯಲ್ಲಿ ಬರೆಯುವಾಗ ಆ ಉಜ್ಜುವ ಖಕಾರಕ್ಕೆ ಅಡಿಯಲ್ಲಿ ಒಂದು ಚುಕ್ಕೆ ಬೇಕು. ಅಚ್ಚಿನಲ್ಲಿ ಚುಕ್ಕೆ ಬಿದ್ದುಹೋದರೆ ಮಗು ಹಿಂದಿಯ ಖ ಓದುತ್ತದೆ, ಮನೆಯ ಮಾತು ಅದಕ್ಕೆ ಪರಕೀಯವಾಗಿ ಕೇಳುತ್ತದೆ. ಒಂದೇ ಕೋಣೆಯಲ್ಲಿ ಕುಡುಖ್, ಮುಂಡಾರಿ, ಸಾದ್ರಿ ಮಾತಾಡುವ ಮಕ್ಕಳಿದ್ದಾಗ ಶಿಕ್ಷಕರು ಸುಲಭವೆಂದು ಹಿಂದಿಗೆ ಜಾರುತ್ತಾರೆ. ಮೊದಲ ಕೆಲವು ವಾರ ಪುಸ್ತಕ ತೆರೆಯದೆ ಹಾಡು, ಎಣಿಕೆ, ಮೈಯ ಅಂಗಗಳ ಹೆಸರು ಇಷ್ಟನ್ನೇ ಆಯಾ ಗುಂಪಿನ ಭಾಷೆಯಲ್ಲಿ ಮಾಡಿಸಿ, ಆಮೇಲೆ ಅಕ್ಷರಕ್ಕೆ ಹೋಗುವುದು ಒಳ್ಳೆಯದು. ಇದಕ್ಕೆ ಊರಿನ ಒಬ್ಬ ಅಜ್ಜಿ ಸಾಕು, ಬಿ.ಎಡ್. ಬೇಕಿಲ್ಲ.

ಹಿಡಿಯಕ್ಕಿಯಿಂದ ಸಭೆ ನಡೆಯುತ್ತದೆ ಎಂದು ಬರೆದಿದ್ದಿರಿ. ಲೆಕ್ಕ ಹೇಗೆ? ವಿದೇಶಿ ಹಣ ಬರುವುದಿಲ್ಲವೇ?
— ಮಹಿಳಾ ಸಂಘದ ಕಾರ್ಯದರ್ಶಿ, ಉಡುಪಿ

ಅಲ್ಲಿ ಅದಕ್ಕೆ ಮುಠಿಯಾ ಎನ್ನುತ್ತಾರೆ. ಅನ್ನಕ್ಕಿಡಲು ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾರೆ. ಹಿಡಿಗೆ 40 ಗ್ರಾಂ ಎಂದು ಹಿಡಿಯಿರಿ. ದಿನಕ್ಕೆ ಎರಡು ಹೊತ್ತು, ತಿಂಗಳಿಗೆ 30 ದಿನ, ಮನೆಯೊಂದಕ್ಕೆ 2 ಕಿಲೋ 400 ಗ್ರಾಂ ಆಯಿತು. 50 ಮನೆಯ ಮಂಡಳಿಗೆ 120 ಕಿಲೋ. ಪ್ರಚಾರಕರಿಗೆ, ಅಂದರೆ ಪಾದ್ರಿ ಇಲ್ಲದ ವಾರಗಳಲ್ಲಿ ಆರಾಧನೆ ನಡೆಸುವ ಊರಿನ ಸೇವಕರಿಗೆ, ಇದರಿಂದ ಗೌರವಧನದ ಒಂದು ಪಾಲು ಹುಟ್ಟುತ್ತದೆ.

ನಿಮ್ಮ ಸಂಘದಲ್ಲಿ ಮಾಡುವುದಾದರೆ ಮೂರು ಎಚ್ಚರಿಕೆ. ಕುಚಲಕ್ಕಿ, ಬೆಳ್ತಿಗೆ ಬೆರೆತರೆ ಕೊಳ್ಳುವವರು ಕಡಿಮೆ ಬೆಲೆಗೆ ಕೇಳುತ್ತಾರೆ, ಆದ್ದರಿಂದ ಎರಡು ಚೀಲ ಇಡಿ. ಮಳೆಗಾಲದಲ್ಲಿ ತಿಂಗಳು ಕಾಯದೆ ವಾರಕ್ಕೊಮ್ಮೆ ಸಂಗ್ರಹಿಸಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ಎಲ್ಲರೆದುರು ತೂಗಿ, ತೂಕವನ್ನೂ ಮಾರಿದ ಬೆಲೆಯನ್ನೂ ಅಂದೇ ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕಿ. ಮನೆಮನೆಯ ತೂಕವನ್ನು ಮಾತ್ರ ಬರೆಯಬೇಡಿ. ಬಡವರ ಮನೆಯ ಸಣ್ಣ ಚೀಲ ಗೋಡೆಯ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಆ ತಾಯಿ ಮುಂದಿನ ತಿಂಗಳು ಬರುವುದಿಲ್ಲ.

ವಿದೇಶದ ಕಾಣಿಕೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ 20% ಮೀರಬಾರದು, ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಕೇಂದ್ರ ಕಚೇರಿ ಹಣ ಪಡೆದು ಬೇರೆಯಾಗಿ ನೋಂದಣಿಯಾದ ಸಣ್ಣ ಸಂಸ್ಥೆಗಳಿಗೆ ಹಂಚುವ ಹಳೆಯ ಪದ್ಧತಿ ಅದರಿಂದ ನಿಂತಿತು. ಹಿಡಿಯಕ್ಕಿಯ ಬೆಲೆ ಈಗ ಹೆಚ್ಚು ಅರ್ಥವಾಗುತ್ತದೆ.

2016-17ರಲ್ಲಿ ಜಾರ್ಖಂಡಿನ ಜಮೀನು ತಿದ್ದುಪಡಿ ಮಸೂದೆ ಹಿಂದಕ್ಕೆ ಹೋಯಿತಲ್ಲ, ಅಂಥ ಮನವಿಯನ್ನು ಬರೆಯುವುದು ಹೇಗೆ? ನಮ್ಮಲ್ಲಿ ಪಿಟಿಸಿಎಲ್ ಜಮೀನಿನ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಬಗ್ಗೆ ಕೆಲಸ ಮಾಡುವ ಸಣ್ಣ ಗುಂಪು ನಮ್ಮದು.
— ಓದುಗರು, ಶಿವಮೊಗ್ಗ

ಹಿನ್ನೆಲೆ ತಿಳಿಯದವರಿಗೆ ಎರಡು ಮಾತು. ಸಿಎನ್‌ಟಿ ಮತ್ತು ಸಂತಾಲ್ ಪರಗಣಾ ಕಾಯ್ದೆಗಳ ತಿದ್ದುಪಡಿಗೆ 2016ರ ನವೆಂಬರ್ 23ರಂದು ವಿಧಾನಸಭೆ ಗದ್ದಲದ ನಡುವೆ ಒಪ್ಪಿಗೆ ಕೊಟ್ಟಿತು. ಆದಿವಾಸಿ ಸಂಘಟನೆಗಳು, ವಿರೋಧ ಪಕ್ಷಗಳು, ಚರ್ಚುಗಳು ಬೀದಿಗಿಳಿದವು. ಆಗ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು 2017ರಲ್ಲಿ ಮಸೂದೆಯನ್ನು ಹಿಂದಿರುಗಿಸಿದರು, ಅದೇ ಆಗಸ್ಟಿನಲ್ಲಿ ಸರ್ಕಾರ ಕೈಬಿಟ್ಟಿತು. ಗೆದ್ದದ್ದು ಚರ್ಚಲ್ಲ. ಎಲ್ಲರೂ ಕೂಡಿದ್ದರಿಂದ ಆಯಿತು.

ಮನವಿ ಬರೆಯುವಾಗ ಕಾಯ್ದೆಯ ಈಗಿನ ಸಾಲನ್ನು ಎಡಕ್ಕೆ, ಮಸೂದೆಯ ಸಾಲನ್ನು ಬಲಕ್ಕೆ ಬರೆದು, ಕೆಳಗೆ ಪರಿಣಾಮವನ್ನು ಒಂದೇ ವಾಕ್ಯದಲ್ಲಿ ಹೇಳಿ. ಆ ಮಸೂದೆಯಲ್ಲಿ 21ನೇ ಕಲಂ ಜಮೀನಿನ ಕೃಷಿಯೇತರ ಬಳಕೆಗೆ ದಾರಿ ಮಾಡುತ್ತಿತ್ತು. 49ನೇ ಕಲಂ ಯಾವ ಯಾವ ಉದ್ದೇಶಕ್ಕೆ ಜಮೀನು ವರ್ಗಾಯಿಸಬಹುದು ಎಂಬ ಪಟ್ಟಿಯನ್ನು ಹಿಗ್ಗಿಸುತ್ತಿತ್ತು. ಅದೇ ಮಸೂದೆ 71ಎಯಲ್ಲಿ ಪರಿಹಾರ ಕೊಟ್ಟು ಜಮೀನು ಉಳಿಸಿಕೊಳ್ಳುವ ಕಳ್ಳಕಿಂಡಿಯನ್ನು ಮುಚ್ಚುವ ಮಾತನ್ನೂ ಆಡಿತ್ತು. ಹೀಗಿರುವಾಗ ಎಲ್ಲವೂ ಕೆಟ್ಟದ್ದೆಂದು ಬರೆದರೆ ಓದುವ ಅಧಿಕಾರಿ ಉಳಿದ ನಿಜವನ್ನೂ ನಂಬುವುದಿಲ್ಲ. ಒಳ್ಳೆಯ ಸಾಲನ್ನು ಒಳ್ಳೆಯದೆಂದೇ ಒಪ್ಪಿಕೊಳ್ಳಿ.

ಎರಡು ಪುಟ ಮೀರಬೇಡಿ. ಗ್ರಾಮಸಭೆಯ ನಿರ್ಣಯವಿದ್ದರೆ ತಾರೀಕು, ಹಾಜರಿದ್ದವರ ಸಂಖ್ಯೆ, ಸಹಿಗಳ ಸಮೇತ ಲಗತ್ತಿಸಿ. ಸಹಿಯ ಹಾಳೆಯ ತಲೆಯ ಮೇಲೆ ಬೇಡಿಕೆಯನ್ನು ಪ್ರತಿ ಪುಟದಲ್ಲೂ ಬರೆಯಿರಿ, ಬರೀ ಸಹಿಯಿರುವ ಹಾಳೆ ಯಾವುದಕ್ಕೆ ಬೇಕಾದರೂ ಸೇರಿಕೊಳ್ಳುತ್ತದೆ. ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ.

ನಿಮ್ಮ ಪಿಟಿಸಿಎಲ್ ಕಾಯ್ದೆ (1978) ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಸಿಎನ್‌ಟಿ ಪಿತ್ರಾರ್ಜಿತ ನೆಲಕ್ಕೂ ಕೊಡುತ್ತದೆ. ಆದರೆ ತಡದ ತೊಡಕು ಎರಡು ಕಡೆಯೂ ಒಂದೇ. ಇಲ್ಲಿಯೂ 2017ರಲ್ಲಿ ಸುಪ್ರೀಂ ಕೋರ್ಟು ಸಮಂಜಸ ಅವಧಿಯ ಮಾತು ಹೇಳಿತು. 2023ರಲ್ಲಿ ನಮ್ಮ ವಿಧಾನಮಂಡಲ ಕಾಲಮಿತಿ ಅನ್ವಯಿಸದೆಂದು ತಿದ್ದುಪಡಿ ತಂದಿತು. ಜಾರ್ಖಂಡಿನ ಗೆಳೆಯರಿಗೆ ಆ ತಿದ್ದುಪಡಿಯ ಪ್ರತಿಯನ್ನು ಹಿಂದಿಗೆ ಅನುವಾದಿಸಿ ಕಳಿಸಿದರೆ ನಿಮ್ಮಿಂದ ದೊಡ್ಡ ಉಪಕಾರವಾಗುತ್ತದೆ.

ಕೊನೆಗೆ, ಅಲ್ಲಿನ ಹೋರಾಟ ಮುರಿಯುವ ಜಾಗವನ್ನೂ ಹೇಳಬೇಕು. ಸರ್ನಾ ಎಂಬ ತಮ್ಮ ಮೂಲ ಧರ್ಮವನ್ನು ಪಾಲಿಸುವ ಆದಿವಾಸಿಗಳಿಗೂ ಕ್ರೈಸ್ತ ಆದಿವಾಸಿಗಳಿಗೂ ನಡುವೆ ಎಬ್ಬಿಸುವ ಒಡಕು ಅದು. ಜನಗಣತಿಯಲ್ಲಿ ಸರ್ನಾ ಆದಿವಾಸಿ ಧರ್ಮಕ್ಕೆ ಪ್ರತ್ಯೇಕ ಕೋಡ್ ಬೇಕೆಂದು 2020ರ ನವೆಂಬರ್ 11ರಂದು ಜಾರ್ಖಂಡ್ ವಿಧಾನಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಇಂಥ ಬೇಡಿಕೆಯಲ್ಲಿ ಚರ್ಚು ಬೆನ್ನಿಗೆ ನಿಂತರೆ ಜಮೀನಿನ ಮನವಿಗೆ ಎರಡೂ ಕಡೆಯ ಸಹಿ ಬೀಳುತ್ತದೆ. ಮನವಿಯ ಮೊದಲ ಸಹಿ ಊರಿನ ಪಾಹನರದೋ, ಅಂದರೆ ಸರ್ನಾ ಪೂಜಾರಿಯವರದೋ, ಗ್ರಾಮಪ್ರಧಾನರದೋ ಆಗಿರಲಿ. ಪಾದ್ರಿಯವರದು ಆಮೇಲೆ ಬರಲಿ.